ಕಾಲುವೆಯ ನೀರು ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರು

ನಮ್ಮ ಪುಣೆಯ ಕನ್ನಡ ಮಕ್ಕಳಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಹೊಸತಲ್ಲ. ಆ ಹೆಸರನ್ನು ಕೇಳಿದೊಡನೆ ಕೃಷ್ಣರಾಜಸಾಗರದ ಕಟ್ಟೆ ಕಣ್ಣ ಮುಂದೆ ನಿಲ್ಲುತ್ತದೆ. ಆದರೆ ಮೈಸೂರಿಗೆ ಮರಳುವ ಮುನ್ನ ಅವರು 1884ರಿಂದ 1908ರ ವರೆಗೆ ಮುಂಬಯಿ ಸರಕಾರದ ಸೇವೆಯಲ್ಲಿದ್ದರು. ಹೊಟ್ಟೆಪಾಡಿಗಾಗಿ ನಾಡು ಬಿಟ್ಟು ಇಲ್ಲಿಗೆ ಬಂದ ನಮ್ಮಂಥವರಿಗೆ ಆ ದಿನಗಳೇ ಹೆಚ್ಚು ಹತ್ತಿರವೆನಿಸುತ್ತವೆ. ಆದುದರಿಂದ ಅವುಗಳನ್ನೇ ಇಲ್ಲಿ ಹೇಳುತ್ತೇವೆ.

ಮುದ್ದೇನಹಳ್ಳಿಯ ಈ ಬಾಲಕ ಚಿಕ್ಕಂದಿನಲ್ಲಿಯೇ ತಂದೆಯನ್ನು ಕಳೆದುಕೊಂಡನು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಸೆಂಟ್ರಲ್ ಕಾಲೇಜಿನಲ್ಲಿ ಓದಿದನು. ಅನಂತರ ಮೈಸೂರು ಸರಕಾರದ ವಿದ್ಯಾರ್ಥಿವೇತನ ಪಡೆದು ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ತೇರ್ಗಡೆಯಾದನು. ನಾಸಿಕ, ಖಾನದೇಶ, ಸಕ್ಕರ, ಸುರತಗಳಲ್ಲಿ ದುಡಿದ ಮೇಲೆ ಪುಣೆಯ ನೀರಾವರಿಯ ಹೊಣೆ ಅವರ ಪಾಲಿಗೆ ಬಂದಿತು.

ಮುಠಾ ಮತ್ತು ನೀರಾ ಕಾಲುವೆಗಳನ್ನು ತೋಡಿದ್ದು ಬರಗಾಲದಿಂದ ಜನರನ್ನು ಉಳಿಸಲೆಂದು. ನಡೆದುದೇ ಬೇರೆ. ಕಾಲುವೆಯ ಬಾಯಿಯಲ್ಲಿ ಹೊಲವುಳ್ಳವರು, ಕೈಯಲ್ಲಿ ಹಣವುಳ್ಳವರು ಕಬ್ಬು ಹಾಕಿ ಮನಬಂದಷ್ಟು ನೀರು ಹರಿಸಿಕೊಂಡರು. ನೀರು ಹೆಚ್ಚಾಗಿ ಎರೆಭೂಮಿ ಜೌಗಾಯಿತು, ಸವಳೇರಿತು, ಸೊಳ್ಳೆಗಳು ಬೆಳೆದವು. ಕೆಳಗಿನ ಹಳ್ಳಿಗಳ ಹೊಲಗಳೋ ಒಣಗಿಯೇ ಇದ್ದವು. ಒಂದೇ ಕಾಲುವೆಯಿಂದ ಮೇಲಿನವರ ನೆಲವೂ ಕೆಟ್ಟಿತು, ಕೆಳಗಿನವರ ಬಾಳೂ ಕೆಟ್ಟಿತು.

1899ರಲ್ಲಿ ವಿಶ್ವೇಶ್ವರಯ್ಯನವರು ಇದಕ್ಕೆ ಬ್ಲಾಕ್ ಪದ್ಧತಿಯೆಂಬ ಉಪಾಯವನ್ನು ಸೂಚಿಸಿದರು. ಪ್ರತಿ ಹಳ್ಳಿಯಲ್ಲಿಯೂ ನೀರಾವರಿಗೆ ಒಪ್ಪುವ ನೆಲವನ್ನು ಗುರುತಿಸಿ, ಅದನ್ನು ಮೂರು ಪಾಲು ಮಾಡುವುದು. ಒಂದು ಪಾಲಿಗೆ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದವಕ್ಕೆ ಕಡಮೆ ನೀರಿನ ಬೆಳೆ, ಖುಷ್ಕಿ ಬೆಳೆ. ವರ್ಷ ವರ್ಷಕ್ಕೂ ಸರದಿ ಬದಲಾಗಬೇಕು. ಹೀಗೆ ಮಾಡಿದರೆ ನೆಲಕ್ಕೂ ವಿಶ್ರಾಂತಿ, ನೀರೂ ಹೆಚ್ಚು ಹಳ್ಳಿಗಳಿಗೆ.

ಲೆಕ್ಕ ಸರಳವಾಗಿತ್ತು, ಜನರು ಸರಳವಾಗಿರಲಿಲ್ಲ. ಮೇಲಿನ ರೈತರು ಪ್ರತಿಭಟಿಸಿದರು. ಪುಣೆಯ ಪತ್ರಿಕೆಗಳೂ ಟೀಕಿಸಿದವು. ನಾವು ಆ ರೈತರನ್ನು ಸುಮ್ಮನೆ ಹಳಿಯಲಾರೆವು. ಪರರಾಜ್ಯದ ಅಧಿಕಾರಿಯೊಬ್ಬನು ಬಂದು ನೀರಿಗೆ ಬೀಗ ಹಾಕುತ್ತೇನೆಂದರೆ ಯಾರಿಗೆ ತಾನೇ ನಂಬಿಕೆ ಬಂದೀತು? ಸರಕಾರಕ್ಕೂ ಕಾಲುವೆಯ ಆದಾಯದ ಮೇಲೆ ಕಣ್ಣಿತ್ತು. ವಿಶ್ವೇಶ್ವರಯ್ಯನವರ ಕೈಯಲ್ಲಿ ತೂಬಿನ ಅಧಿಕಾರವಿತ್ತು. ರೈತರಿಗೆ ತಿಳಿಯ ಹೇಳುವ ತಾಳ್ಮೆಯೂ ಇತ್ತು. ಬರಿಯ ತಾಳ್ಮೆಯಿಂದಲೇ ಮೇಲಿನವರು ನೀರು ಬಿಟ್ಟುಕೊಡುತ್ತಿದ್ದರೆಂದು ನಮಗೆ ತೋರುವುದಿಲ್ಲ. ಇನ್ನು ಕಾಲುವೆಯ ತುದಿಯ ಬಡ ರೈತನಿಗೆ ಅಧಿಕಾರವೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. ಮುಂದಿನ ದಶಕಗಳಲ್ಲಿ ದಖ್ಖಣದ ಕಾಲುವೆಗಳ ನೀರು ಮತ್ತೆ ಬಹುಮಟ್ಟಿಗೆ ಕಬ್ಬಿನತ್ತಲೇ ಹರಿಯಿತು. ಪದ್ಧತಿ ಕಾಗದದ ಮೇಲಿದ್ದರೆ ಸಾಲದು, ಅದನ್ನು ಕಾಯುವ ಬಲವೂ ಬೇಕಾಗಿತ್ತು.

ಖಡಕವಾಸಲಾದ ಸ್ವಯಂಚಾಲಿತ ಬಾಗಿಲುಗಳಿಗೆ ಇಂಥ ವಿರೋಧವಿರಲಿಲ್ಲ; ಅವು ಯಾರ ಪಾಲನ್ನೂ ಕಿತ್ತುಕೊಳ್ಳಲಿಲ್ಲವಷ್ಟೆ! ಮಳೆಗಾಲದಲ್ಲಿ ಕೋಡಿಯ ಮೇಲೆ ಹರಿದು ವ್ಯರ್ಥವಾಗುತ್ತಿದ್ದ ನೀರನ್ನು ಅವು ತಡೆದವು. ಮಟ್ಟ ಮೀರಿದಾಗ ತಾವೇ ತೆರೆದು, ಇಳಿದಾಗ ತಾವೇ ಮುಚ್ಚಿದವು. 1903ರಲ್ಲಿ ಕೂಡಿಸಿದ ಈ ಬಾಗಿಲುಗಳಿಂದ ಕೆರೆಯ ಮಟ್ಟ ಸುಮಾರು 8 ಅಡಿ ಏರಿತು.

ಆ ಕಾಲದಲ್ಲಿ ಮುಂಬಯಿಯ ಚೀಫ್ ಇಂಜಿನಿಯರ ಪದವಿ ಭಾರತೀಯನಿಗೆ ಸಿಕ್ಕುವಂತಿರಲಿಲ್ಲ. 1908ರಲ್ಲಿ ಅವರು ತಾವಾಗಿಯೇ ನಿವೃತ್ತರಾದರು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರು, 1912ರಿಂದ 1918ರ ವರೆಗೆ ದಿವಾನರು, 1955ರಲ್ಲಿ ಭಾರತರತ್ನ. ಇದೆಲ್ಲವನ್ನೂ ನೀವು ಪಾಠದಲ್ಲಿ ಓದಿರುವಿರಿ.

1961ರ ಜುಲೈ 12ರಂದು ಪಾನಶೇತದ ಕಟ್ಟೆ ಒಡೆದು, ಆ ಪ್ರವಾಹಕ್ಕೆ ಖಡಕವಾಸಲಾದ ಕಟ್ಟೆಯೂ ಒಡೆಯಿತು. ಮರುವರ್ಷ ವಿಶ್ವೇಶ್ವರಯ್ಯನವರು ತೀರಿಕೊಂಡರು. ಕಟ್ಟೆಯನ್ನು ಮತ್ತೆ ಕಟ್ಟಲಾಯಿತು. ಪ್ರವಾಸದ ದಿನ ನಾವು ನಿಮಗೆ ತೋರಿಸಿದ್ದು ಅದನ್ನೇ. ಆ ನೀರಿಗೆ ಇಂದು ಪುಣೆ ನಗರವೂ ದೌಂಡ, ಇಂದಾಪುರಗಳ ರೈತರೂ ಕೈಯೊಡ್ಡುತ್ತಾರೆ. ಬೇಸಗೆ ಬಂತೆಂದರೆ ಯಾರಿಗೆಷ್ಟೆಂಬ ವಾದ ಏಳುತ್ತದೆ. ಈಗ ಕಾಲುವೆಯ ಬಾಯಿಯಲ್ಲಿರುವವರು ನಾವು, ತುದಿಯಲ್ಲಿರುವವರು ಅವರು.