ಮೈಕ್‌ನಿಂದ ಕುರ್ಚಿಗೆ, ಮರಳಿ ಮೈಕ್‌ಗೆ: ಎಡ್ವರ್ಡ್ ಮರೋ

ಲಂಡನ್ನಿನ ಹ್ಯಾಲಮ್ ಸ್ಟ್ರೀಟ್‌ನ ಕಟ್ಟಡವೊಂದರ ಗೋಡೆಯಲ್ಲಿ ನೀಲಿ ಫಲಕವಿದೆ. ಬಿಬಿಸಿಯ ಬ್ರಾಡ್‌ಕಾಸ್ಟಿಂಗ್ ಹೌಸ್ ಅಲ್ಲಿಂದ ನಾಲ್ಕು ಹೆಜ್ಜೆ. ಈ ಊರಿನ ಕನ್ನಡಿಗರಾದ ನಾವು ಅದನ್ನು ಗಮನಿಸದೆ ದಾಟಿಹೋಗುವುದೇ ಹೆಚ್ಚು. ಯುದ್ಧಕಾಲದಲ್ಲಿ ಅಲ್ಲಿ ವಾಸವಿದ್ದವರು ಅಮೆರಿಕದ ರೇಡಿಯೊ ಪತ್ರಕರ್ತ ಎಡ್ವರ್ಡ್ ಆರ್. ಮರೋ.

1908ರಲ್ಲಿ ನಾರ್ತ್ ಕ್ಯಾರೊಲಿನಾದ ರೈತ ಕುಟುಂಬದಲ್ಲಿ ಹುಟ್ಟಿದ ಮರೋ, ಮರ ಕಡಿಯುವ ಶಿಬಿರಗಳಲ್ಲಿ ದುಡಿದು ಕಾಲೇಜು ಓದಿದವರು. 1935ರಲ್ಲಿ ಸಿಬಿಎಸ್ ಸೇರಿ, 1937ರಲ್ಲಿ ಲಂಡನ್ನಿಗೆ ಬಂದರು. ಆಗ ಅವರ ಕೆಲಸ ಸುದ್ದಿ ಹೇಳುವುದಲ್ಲ, ಮಾತುಗಾರರನ್ನು ಹುಡುಕಿ ಕಾರ್ಯಕ್ರಮ ಹೊಂದಿಸುವುದು. ಅದೇ ವರ್ಷ ಬರ್ಲಿನ್‌ನಲ್ಲಿ ವಿಲಿಯಂ ಶೈರರ್ ಅವರನ್ನು ಕೆಲಸಕ್ಕೆ ಸೇರಿಸಿಕೊಂಡರು. ಭಾರತಕ್ಕೆ ಬಂದು ಗಾಂಧೀಜಿಯವರ ಹೋರಾಟವನ್ನು ವರದಿ ಮಾಡಿದ್ದವರೇ ಈ ಶೈರರ್.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ವಿಯೆನ್ನಾದಲ್ಲಿದ್ದ ಶೈರರ್‌ಗೆ ಅಲ್ಲಿಂದ ಪ್ರಸಾರ ಮಾಡಲು ಬಿಡಲಿಲ್ಲ. ಅವರು ಲಂಡನ್ನಿಗೆ ಹಾರಿದರು, ಮರೋ ವಿಯೆನ್ನಾ ತಲುಪಿದರು. ಹಲವು ನಗರಗಳ ವರದಿಗಾರರು ಒಂದೇ ಕಾರ್ಯಕ್ರಮದಲ್ಲಿ ಸರದಿಯಂತೆ ಮಾತನಾಡಿದರು. ಇಂದು ನಾವು ಟಿವಿಯಲ್ಲಿ ನಿತ್ಯ ನೋಡುವ ಕ್ರಮ ಅದು.

1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುವಾಗ ಮರೋ ಮಹಡಿಯ ಮೇಲೆ ನಿಂತು ವರದಿ ಮಾಡಿದರು. 1943ರಲ್ಲಿ ಬಾಂಬರ್ ವಿಮಾನವೇರಿ ಬರ್ಲಿನ್ ಮೇಲೆ ಹಾರಿ ಬಂದರು. 1945ರಲ್ಲಿ ಬುಖೆನ್‌ವಾಲ್ಡ್ ಶಿಬಿರದ ಹೆಣಗಳ ರಾಶಿಯನ್ನು ಕಣ್ಣಾರೆ ಕಂಡು ಅಮೆರಿಕಕ್ಕೆ ತಿಳಿಸಿದರು.

1946ರಲ್ಲಿ ಅವರು ಸಿಬಿಎಸ್ ಉಪಾಧ್ಯಕ್ಷರಾಗಿ ಸುದ್ದಿ ವಿಭಾಗದ ಹೊಣೆ ಹೊತ್ತರು. ಕುರ್ಚಿಯ ಕಷ್ಟ ಮರುವರ್ಷವೇ ಎದುರಾಯಿತು. ಶೈರರ್ ಕಾರ್ಯಕ್ರಮದ ಪ್ರಾಯೋಜಕರು ಹಿಂದೆ ಸರಿದರು. ತಮ್ಮ ಅಭಿಪ್ರಾಯಗಳೇ ಇದಕ್ಕೆ ಕಾರಣ ಎಂದು ಶೈರರ್ ನಂಬಿದರು. ಮರೋ ಸಂಸ್ಥೆಯ ಪರ ನಿಂತರು. ಶೈರರ್ ಸಂಸ್ಥೆ ಬಿಟ್ಟರು. ಆ ಗೆಳೆತನ ಮತ್ತೆ ಕೂಡಲಿಲ್ಲ. ಅದೇ ವರ್ಷ ಮರೋ ಕೂಡ ಅಧಿಕಾರ ಬಿಟ್ಟು ಮೈಕ್‌ಗೆ ಮರಳಿದರು.

1954ರ ಮಾರ್ಚ್ 9ರಂದು, ಕಂಡಕಂಡವರನ್ನೆಲ್ಲ ಕಮ್ಯುನಿಸ್ಟರೆಂದು ಬೆದರಿಸುತ್ತಿದ್ದ ಸೆನೆಟರ್ ಮೆಕಾರ್ಥಿಯನ್ನು ಅವರು ಟಿವಿಯಲ್ಲಿ ನೇರವಾಗಿ ಎದುರಿಸಿದರು. ಆ ಪ್ರಸಾರದ ಜಾಹೀರಾತಿಗೆ ಅವರೂ ನಿರ್ಮಾಪಕ ಫ್ರೆಡ್ ಫ್ರೆಂಡ್ಲಿಯವರೂ ಸ್ವಂತ ಹಣ ಹಾಕಿದ್ದರು. 1958ರಲ್ಲಿ ಸಂಸ್ಥೆ ಆ ಕಾರ್ಯಕ್ರಮವನ್ನೇ ನಿಲ್ಲಿಸಿತು. 1961ರಲ್ಲಿ ಸಿಬಿಎಸ್ ತೊರೆದು ಅಧ್ಯಕ್ಷ ಕೆನಡಿಯವರ ಸರ್ಕಾರದ ವಾರ್ತಾ ಸಂಸ್ಥೆಯ ಮುಖ್ಯಸ್ಥರಾದರು.

ಸಿಗರೇಟು ಬಿಡದ ಮರೋ 1965ರ ಏಪ್ರಿಲ್ 27ರಂದು, 57 ತುಂಬಿದ ಎರಡೇ ದಿನಕ್ಕೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಮೆಕಾರ್ಥಿಯನ್ನು ಎದುರಿಸಿದ ಮರೋ ನಮಗೆಲ್ಲ ಗೊತ್ತು. ವರದಿಗಾರನ ಧೈರ್ಯ ಮೈಕ್‌ನ ಮುಂದೆ ಕಾಣುತ್ತದೆ, ಸಂಪಾದಕನ ಧೈರ್ಯ ತನ್ನ ವರದಿಗಾರನ ಬೆನ್ನ ಹಿಂದೆ ನಿಂತಾಗ ಕಾಣುತ್ತದೆ. ಎರಡನೆಯದೇ ಕಷ್ಟ ಎಂಬುದಕ್ಕೂ ಅವರ ಬದುಕೇ ಸಾಕ್ಷಿ.