ಕ್ರೆಬ್ಸ್ ಮತ್ತು ಕೆಲಸವಿಲ್ಲದ ಕಿಣ್ವ

ಪಿಯುಸಿಯಲ್ಲಿ ಬಯಾಲಜಿ ಓದಿದವರಿಗೆಲ್ಲ ಕ್ರೆಬ್ಸ್ ಸೈಕಲ್ ಗೊತ್ತು. ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ದಿನವೇ ಮರೆತದ್ದೂ ಗೊತ್ತು. ಆದರೆ ಅದೇ ಹಾನ್ಸ್ ಕ್ರೆಬ್ಸ್ ಅದಕ್ಕೂ ಮೊದಲು ಕಂಡುಹಿಡಿದ ಒಂದು ಕಿಣ್ವದ ಬಗ್ಗೆ ಹೆಚ್ಚಿನವರು ಕೇಳಿರಲ್ಲ. ನನಗಂತೂ ಸೈಕಲ್‌ಗಿಂತ ಅದರ ಕಥೆಯೇ ಇಷ್ಟ.

ಕ್ರೆಬ್ಸ್ ಹುಟ್ಟಿದ್ದು 1900ರಲ್ಲಿ, ಜರ್ಮನಿಯ ಹಿಲ್ಡೆಸ್‌ಹೈಮ್‌ನಲ್ಲಿ. ಅಪ್ಪ ಕಿವಿ-ಮೂಗು-ಗಂಟಲಿನ ಡಾಕ್ಟರು. ಮಗನೂ ವೈದ್ಯಕೀಯ ಓದಿ, ಬರ್ಲಿನ್‌ನಲ್ಲಿ ಆಟ್ಟೋ ವಾರ್ಬರ್ಗ್ ಅವರ ಲ್ಯಾಬ್ ಸೇರಿದರು. ಅಲ್ಲಿ ಕಲಿತ ದೊಡ್ಡ ವಿದ್ಯೆ ಅಂದರೆ, ಅಂಗಾಂಶವನ್ನು ತೆಳ್ಳಗೆ ಕತ್ತರಿಸಿ, ಅದರಲ್ಲಿ ಜೀವ ಇರುವಾಗಲೇ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಅಂತ ಮ್ಯಾನೋಮೀಟರ್‌ನಲ್ಲಿ ಅಳೆಯುವುದು. ನಮ್ಮ ಫ್ಲೂಯಿಡ್ಸ್ ಲ್ಯಾಬ್‌ನಲ್ಲಿರುವ ಉಪಕರಣದ ದಾಯಾದಿ ಅನ್ನಿ. 1932ರಲ್ಲಿ ಫ್ರೈಬರ್ಗ್‌ನಲ್ಲಿ ಇದೇ ವಿದ್ಯೆಯಿಂದ, ದೇಹ ಯೂರಿಯಾ ತಯಾರಿಸುವ ಚಕ್ರವನ್ನು ಬಿಡಿಸಿದರು. ಮರುವರ್ಷ ಏಪ್ರಿಲ್‌ನಲ್ಲಿ, ಯಹೂದಿ ಅನ್ನುವ ಒಂದೇ ಕಾರಣಕ್ಕೆ, ನಾಜಿ ಆಡಳಿತ ಅವರನ್ನು ಕೆಲಸದಿಂದ ತೆಗೆಯಿತು. ಕೇಂಬ್ರಿಜ್‌ನ ಹಾಪ್ಕಿನ್ಸ್ ಜಾಗ ಕೊಟ್ಟರು. ಜೂನ್‌ನಲ್ಲಿ ಇಂಗ್ಲೆಂಡಿಗೆ ಹೊರಟಾಗ ಮ್ಯಾನೋಮೀಟರ್‌ಗಳೂ ಜೊತೆಗೆ ಹೊರಟವು.

ಕೇಂಬ್ರಿಜ್‌ನಲ್ಲಿ ಅವರು ಅಮೈನೋ ಆಮ್ಲಗಳ ಬೆನ್ನುಹತ್ತಿದರು. ಇವುಗಳಲ್ಲಿ ಎಡಗೈ-ಬಲಗೈ ಥರ ಎರಡು ರೂಪಗಳಿವೆ, ಒಂದು ಇನ್ನೊಂದರ ಕನ್ನಡಿಬಿಂಬ. ನಮ್ಮ ಪ್ರೋಟೀನುಗಳೆಲ್ಲ ಎಲ್ ರೂಪದಿಂದ ಕಟ್ಟಿದವು. ಡಿ ರೂಪ ಪ್ರಾಣಿದೇಹದಲ್ಲಿ ಇಲ್ಲ ಅಂತಲೇ ಆಗಿನ ನಂಬಿಕೆ. ಆದರೆ ಮೂತ್ರಪಿಂಡದ ಚೂರುಗಳು ಆ ಡಿ ರೂಪವನ್ನೇ ಇನ್ನೂ ಬೇಗ ಸುಟ್ಟುಹಾಕುತ್ತಿದ್ದವು! ಆ ಕೆಲಸ ಮಾಡುವ ಕಿಣ್ವವನ್ನು ಕ್ರೆಬ್ಸ್ ಅಂಗಾಂಶದಿಂದ ಬೇರ್ಪಡಿಸಿ 1935ರಲ್ಲಿ ವಿವರಿಸಿದರು. ಅದೇ ಡಿ-ಅಮೈನೋ ಆಸಿಡ್ ಆಕ್ಸಿಡೇಸ್. ಮೂರು ವರ್ಷದ ನಂತರ ಬರ್ಲಿನ್‌ನಲ್ಲಿ ಹಳೇ ಗುರು ವಾರ್ಬರ್ಗ್, ಇದೇ ಕಿಣ್ವದ ಸಹಾಯಕ ಅಣುವನ್ನು, ಅಂದರೆ ಎಫ್‌ಎಡಿಯನ್ನು, ಪತ್ತೆಮಾಡಿದರು.

ಇಲ್ಲದ ವಸ್ತುವನ್ನು ಸುಡೋದಕ್ಕೆ ದೇಹ ಒಂದು ಕಿಣ್ವವನ್ನು ಯಾಕೆ ಸಾಕುತ್ತದೆ? ಕ್ರೆಬ್ಸ್ ಬದುಕಿರುವವರೆಗೂ ಇದಕ್ಕೆ ಸರಿಯಾದ ಉತ್ತರ ಸಿಗಲಿಲ್ಲ. ಅವರು ಶೆಫೀಲ್ಡ್‌ಗೆ ಹೋದರು. 1937ರಲ್ಲಿ ಸಿಟ್ರಿಕ್ ಆಮ್ಲದ ಚಕ್ರದ ಬರಹವನ್ನು ನೇಚರ್ ಪತ್ರಿಕೆ ವಾಪಸ್ ಕಳಿಸಿತು. 1953ರಲ್ಲಿ ಅದಕ್ಕೇ ನೊಬೆಲ್ ಬಂತು. ಆಮೇಲೆ ಆಕ್ಸ್‌ಫರ್ಡ್. 1981ರಲ್ಲಿ ತೀರಿಕೊಂಡರು.

1992ರಲ್ಲಿ ಜಪಾನಿನ ವಿಜ್ಞಾನಿಗಳು ಇಲಿಯ ಮೆದುಳಿನಲ್ಲಿ ಡಿ-ಸೆರಿನ್ ಧಾರಾಳವಾಗಿ ಇರುವುದನ್ನು ಕಂಡರು. ಸೆರಿನ್ ರೇಸಿಮೇಸ್ ಅನ್ನುವ ಕಿಣ್ವ ಎಲ್-ಸೆರಿನ್ನನ್ನು ತಿರುಗಿಸಿ ಡಿ ಮಾಡುತ್ತದೆ ಅನ್ನೋದು ಕೆಲವೇ ವರ್ಷಗಳಲ್ಲಿ ಗೊತ್ತಾಯಿತು. ಕಲಿಕೆ, ನೆನಪುಗಳಿಗೆ ಬೇಕಾದ ಎನ್‌ಎಂಡಿಎ ಗ್ರಾಹಕ ತೆರೆಯಲು ಗ್ಲುಟಮೇಟ್ ಒಂದೇ ಸಾಲದು, ಜೊತೆಗೆ ಡಿ-ಸೆರಿನ್ ಅಥವಾ ಗ್ಲೈಸಿನ್ ಕೂಡ ಇರಬೇಕು. ಹಾಗಂತ ಡಿ-ಸೆರಿನ್ ಅತಿಯಾದರೂ ಕಷ್ಟ. ಕ್ರೆಬ್ಸ್ ಅವರ ಕಿಣ್ವ ಹೆಚ್ಚಿರುವ ಕಿರುಮೆದುಳಿನಲ್ಲಿ ಡಿ-ಸೆರಿನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಿಣ್ವ ಕಡಿಮೆ ಇರುವ ಮುಂಮೆದುಳಿನಲ್ಲಿ ಬೇಕಾದಷ್ಟಿದೆ. ಈ ಕಿಣ್ವ ಕೆಲಸ ಮಾಡದ ಇಲಿಗಳನ್ನು ನೋಡಿದರೆ, ಅವುಗಳ ಕಿರುಮೆದುಳಿನಲ್ಲೂ ಡಿ-ಸೆರಿನ್ ಏರಿರುತ್ತದೆ.

ಸ್ಕಿಜೋಫ್ರೇನಿಯಾದಲ್ಲಿ ಎನ್‌ಎಂಡಿಎ ಗ್ರಾಹಕದ ಕೆಲಸ ಕುಗ್ಗಿರುತ್ತದೆ ಅನ್ನುವ ವಾದವಿದೆ. ಹಾಗಾದರೆ ಆಕ್ಸಿಡೇಸನ್ನು ತಡೆದು ಡಿ-ಸೆರಿನ್ ಉಳಿಸಬಹುದಲ್ಲ? ತಡೆಯಬಲ್ಲ ವಸ್ತುಗಳಲ್ಲಿ ಒಂದು ಸೋಡಿಯಂ ಬೆಂಜೊಯೇಟ್, ಅಂದರೆ ಉಪ್ಪಿನಕಾಯಿ ಬಾಟಲಿಯ ಮೇಲೆ 211 ಅಂತ ನಂಬರ್ ಇರುತ್ತಲ್ಲ, ಅದೇ. ತೈವಾನ್‌ನಲ್ಲಿ ರೋಗಿಗಳಿಗೆ ಮಾಮೂಲಿ ಔಷಧಿಯ ಜೊತೆ ಅದನ್ನೂ ಕೊಟ್ಟು ನೋಡಿದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು, ಸುಧಾರಣೆ ಕಂಡಿತ್ತು. ಆಮೇಲಿನ ಪ್ರಯೋಗಗಳು ಎಲ್ಲ ಕಡೆ ಅದೇ ಮಾತು ಹೇಳಿಲ್ಲ. ಹುಡುಕಾಟ ಇನ್ನೂ ನಡೀತಿದೆ.