ಕಾರ್ಲೋಸ್ ಚಾಗಸ್

1907ರಲ್ಲಿ ರೈಲುಮಾರ್ಗದ ಕೂಲಿಗಾರರನ್ನು ಪೀಡಿಸುತ್ತಿದ್ದ ಮಲೇರಿಯವನ್ನು ಹತ್ತಿಕ್ಕಲು ಬ್ರೆಜಿಲ್ ದೇಶದ ತರುಣ ವೈದ್ಯ ಕಾರ್ಲೋಸ್ ಚಾಗಸ್ ಲಾಸಾನ್ಸ್ ಎಂಬ ಊರಿಗೆ ತೆರಳಿದರು. ರೈಲಿನ ಡಬ್ಬಿಯೇ ಅವರ ವಸತಿ, ಅದೇ ಪ್ರಯೋಗಶಾಲೆ. ಬಡವರ ಗುಡಿಸಲುಗಳ ಗೋಡೆಬಿರುಕುಗಳಲ್ಲಿ ಅಡಗಿದ್ದು, ಇರುಳಿನಲ್ಲಿ ಮುಖವನ್ನು ಕಚ್ಚಿ ರಕ್ತ ಹೀರುವ ಕೀಟದಲ್ಲಿ ಹೊಸ ರೋಗಾಣುವೊಂದನ್ನು ಅವರು ಕಂಡರು. 1909ರಲ್ಲಿ ಎರಡು ವರ್ಷದ ಹೆಣ್ಣುಮಗುವಿನ ರಕ್ತದಲ್ಲಿಯೂ ಅದು ದೊರೆಯಿತು. ಆ ಸೀಮೆಯಲ್ಲಿ ಹರೆಯದವರ ನಾಡಿಯೂ ಕ್ರಮತಪ್ಪುತ್ತಿದ್ದುದರ ಮರ್ಮ ಕ್ರಮೇಣ ಬಯಲಾಯಿತು: ರೋಗಾಣು ವರ್ಷಗಟ್ಟಲೆ ಒಳಗಿದ್ದು ಹೃದಯದ ಸ್ನಾಯುವನ್ನೂ ನರಗಳನ್ನೂ ಕೆಡಿಸುತ್ತದೆ. 1934ರಲ್ಲಿ ಚಾಗಸ್ ತೀರಿಕೊಂಡಾಗ ಈ ರೋಗಕ್ಕೆ ಮದ್ದಿರಲಿಲ್ಲ. ವಿಚಿತ್ರವೆಂದರೆ, ಆರೋಗ್ಯವಂತ ಹೃದಯವೂ ಗಡಿಯಾರದಂತೆ ಮಿಡಿಯುವುದಿಲ್ಲ. ಮಿಡಿತಗಳ ನಡುವಣ ಅವಧಿ ತುಸು ಏರಿಳಿಯುತ್ತಿರುತ್ತದೆ. ನರಗಳು ಕೆಟ್ಟಾಗ ಆ ಏರಿಳಿತ ಕುಗ್ಗುತ್ತದೆ. ಇಂದಿನ ವೈದ್ಯರು ಅದನ್ನಳೆದು ರೋಗಿಯ ಅಪಾಯವನ್ನು ಮೊದಲೇ ಅರಿಯಲು ಯತ್ನಿಸುತ್ತಾರೆ.